ಅಜ್ಜಿಗೆ ಮತ್ತೆ ‘ಉರಿಮೂತ್ರ’: ಕಲ್ಚರ್ ರಿಪೋರ್ಟ್ ಓದುವ ಮುನ್ನ

6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಮೂತ್ರದ ಸೋಂಕಾದರೆ ಅದು ಮರುಕಳಿಸುವ ಸೋಂಕು. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ವಾರ್ಡಿನಲ್ಲಿ ಮಾತ್ರ, ಆ ಮೂರರಲ್ಲಿ ನಿಜವಾದ ಸೋಂಕು ಎಷ್ಟು ಎಂಬುದನ್ನೇ ಮೊದಲು ಕೇಳಬೇಕು.

ರಾಯಚೂರಿನ ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು. ರಾತ್ರಿ ಎದ್ದು ಹೊರಗೆ ಹೋಗಬೇಕಾದೀತೆಂದು ಅಜ್ಜಿ ಮಧ್ಯಾಹ್ನದಿಂದಲೇ ನೀರು ಬಿಟ್ಟಿರುತ್ತಾಳೆ. ಮೂತ್ರ ಗಾಢ ಹಳದಿ, ಕಟು ವಾಸನೆ. ‘ಕಾವಾಗ್ಯಾದ್ರೀ’ ಎಂದು ಮನೆಯವರು ಕರೆತರುತ್ತಾರೆ. ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರಿನಲ್ಲಿ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಕಂಡ ಕೂಡಲೇ ಆಂಟಿಬಯೋಟಿಕ್ ಶುರು. ಆದರೆ ಹೊಸದಾಗಿ ಉರಿ, ಅವಸರ, ಕಿಬ್ಬೊಟ್ಟೆ ನೋವು, ಜ್ವರ ಯಾವುದೂ ಇಲ್ಲವೆಂದರೆ ಅದು ಲಕ್ಷಣರಹಿತ ಬ್ಯಾಕ್ಟೀರಿಯೂರಿಯ, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ, ತೊಂದರೆ ಇಲ್ಲ. ಇಳಿವಯಸ್ಸಿನಲ್ಲಿ ಇದು ಸಾಮಾನ್ಯ; ಬಹುಕಾಲ ಕ್ಯಾತಿಟರ್ (ಮೂತ್ರದ ನಳಿಕೆ) ಇದ್ದವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಔಷಧ ಕೊಟ್ಟರೆ ಲಾಭವಿಲ್ಲ, ಔಷಧಕ್ಕೆ ಬಗ್ಗದ ತಳಿ ಬೆಳೆಯುತ್ತದೆ. ಮೂತ್ರಮಾರ್ಗದ ಶಸ್ತ್ರಕ್ರಿಯೆಗೆ ಮುನ್ನ ಮಾತ್ರ ಲೆಕ್ಕ ಬೇರೆ.

ಅಜ್ಜಿ ಇದ್ದಕ್ಕಿದ್ದಂತೆ ಬಡಬಡಿಸುತ್ತಿದ್ದರೆ? ನಾನೂ ಮೊದಲು ‘ಯುಟಿಐ’ (ಮೂತ್ರದ ಸೋಂಕು) ಎಂದೇ ಬರೆಯುತ್ತಿದ್ದೆ. ಜ್ವರವಿಲ್ಲ, ಬಿಪಿ ಸರಿಯಿದೆ, ಮೂತ್ರದ ತೊಂದರೆಯೂ ಇಲ್ಲವೆಂದರೆ ನಿರ್ಜಲೀಕರಣ, ಸೋಡಿಯಂ, ಶುಗರ್, ಮಲಬದ್ಧತೆ, ಹೊಸ ಮಾತ್ರೆ ಇವನ್ನೆಲ್ಲ ನೋಡುತ್ತ ನಿಗಾ ಇಡುವುದು ಸರಿ.

ಸ್ಯಾಂಪಲ್ ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುನ್ನವೇ, ನಡುಧಾರೆಯದು (ಮೊದಲ ಸ್ವಲ್ಪ ಬಿಟ್ಟು ನಡುವೆ ಹಿಡಿದದ್ದು). ದೇವದುರ್ಗದಿಂದಲೋ ಲಿಂಗಸುಗೂರಿನಿಂದಲೋ ಬಸ್ಸಿನಲ್ಲಿ ಬರುವ ಬಾಟಲಿ ಈ ಬಿಸಿಲಲ್ಲಿ ಬ್ಯಾಕ್ಟೀರಿಯಾ ಸಾಕುವ ಪಾತ್ರೆಯೇ. 2 ಗಂಟೆಯೊಳಗೆ ಲ್ಯಾಬ್ ಸೇರದಿದ್ದರೆ ತಣ್ಣಗೆ, 4 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು.

ಸೋಂಕು ನಿಜವೇ ಆಗಿದ್ದರೆ ಕಾರಣ ಹುಡುಕಿ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನು ಇಳಿದು ಯೋನಿಯ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ, ಆಮ್ಲೀಯತೆ ತಗ್ಗುತ್ತದೆ, ಇ. ಕೋಲಿಗೆ ಜಾಗ ಸಿಗುತ್ತದೆ. ಅದಕ್ಕೇ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್. ನುಂಗುವ ಮಾತ್ರೆ ಇಲ್ಲಿ ಉಪಯೋಗವಿಲ್ಲ. ಸ್ತನ ಕ್ಯಾನ್ಸರ್ ಆಗಿತ್ತೇ ಎಂದು ಕೇಳದೆ ಬರೆಯಬಾರದು. ನಮ್ಮ ಕಡೆ ಇದನ್ನು ಬರೆಯುವವರೂ ಕಡಿಮೆ, ಕೇಳಲು ನಾಚುವವರೇ ಹೆಚ್ಚು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ತಡೆದಿರಬಹುದು: ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಹೇಳುತ್ತದೆ.

ದಿನವೂ ತಡೆ-ಆಂಟಿಬಯೋಟಿಕ್ ಕೊಡುವ ಬದಲು ಆಂಟಿಬಯೋಟಿಕ್ ಅಲ್ಲದ ಮೆಥನಮೈನ್ ಹಿಪ್ಯುರೇಟ್ ಮಾತ್ರೆ 1 ಗ್ರಾಂ, ದಿನಕ್ಕೆ 2 ಸಲ, ಕೆಲವರಿಗೆ ಹೊಂದುತ್ತದೆ. ಮೂತ್ರಪಿಂಡ ತೀರಾ ಸೋತಿದ್ದರೆ ಇದೂ ಬೇಡ, ನೈಟ್ರೋಫ್ಯುರಾಂಟಾಯಿನ್ ಎಂಬ ಆಂಟಿಬಯೋಟಿಕ್ಕೂ ಬೇಡ.

ನೀರಿನ ವಿಷಯ: ಹೃದಯ, ಕಿಡ್ನಿ ತೊಂದರೆ ಇರುವವರಿಗೆ ‘ಜಾಸ್ತಿ ಕುಡೀರಿ’ ಎಂದುಬಿಡಬೇಡಿ. ಉಳಿದವರಿಗೆ ಬೆಳಗಿನಿಂದ ಸಂಜೆವರೆಗೆ ಹಂಚಿ ಕುಡಿಯಲು ಹೇಳಿ. ರಾತ್ರಿ ಎದ್ದು ಹೋಗುವ ಭಯ ಅಷ್ಟರಮಟ್ಟಿಗೆ ತಗ್ಗುತ್ತದೆ.