ಪದ ಪರಿಚಯ: ಲೀಗ್

‘ಇಂಗ್ಲಿಷ್ ಪ್ರೀಮಿಯರ್ ಲೀಗ್ ಫೈನಲ್ ಯಾವಾಗ?’ ಎಂಬ ಪ್ರಶ್ನೆ ಮೇ ತಿಂಗಳು ಬಂತೆಂದರೆ ಕಿವಿಗೆ ಬೀಳುತ್ತದೆ. ಈ ಸಲ ಅದು ಕ್ರೀಡಾಪುಟವೊಂದರ ತಲೆಬರಹಕ್ಕೇ ಏರಿದ್ದರಿಂದ ಇದನ್ನು ಬರೆಯಬೇಕಾಯಿತು. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಆ ಲೀಗ್‌ಗೆ ಫೈನಲ್ ಎಂಬುದೇ ಇಲ್ಲ.

ಲೀಗ್ ಪದದ ಬೇರು ಲ್ಯಾಟಿನ್ನಿನ ‘ಲಿಗಾರೆ’; ಹಾಗೆಂದರೆ ಕಟ್ಟುವುದು, ಬಿಗಿಯುವುದು. ಮೂಳೆಗೆ ಮೂಳೆಯನ್ನು ಬಿಗಿಯುವ ಲಿಗಮೆಂಟ್ ಕೂಡ ಅದೇ ಧಾತುವಿನದು. ಹೀಗಾಗಿ ಲೀಗ್ ಎಂದರೆ ಮೊದಲಿಗೆ ಪಂದ್ಯಾವಳಿಯಲ್ಲ, ಕರಾರಿಗೆ ಕಟ್ಟುಬಿದ್ದವರ ಒಕ್ಕೂಟ. ಇಂಗ್ಲೆಂಡಿನಲ್ಲಿ 1885ರಲ್ಲಿ ಆಟಗಾರರಿಗೆ ಸಂಬಳ ಕೊಡಲು ಅನುಮತಿ ಸಿಕ್ಕ ಮೇಲೆ ಕ್ಲಬ್‌ಗಳಿಗೆ ವಾರವಾರವೂ ಟಿಕೆಟ್ ಹಣ ಬೇಕಾಯಿತು; ಆದರೆ ಕಪ್‌ನಲ್ಲಿ ಒಮ್ಮೆ ಸೋತರೆ ಆಟ ಮುಗಿಯುತ್ತಿತ್ತು, ಸ್ನೇಹಪಂದ್ಯಕ್ಕೆ ಬರುತ್ತೇವೆಂದವರು ಬರುವ ಖಾತರಿಯಿರಲಿಲ್ಲ. ಆಸ್ಟನ್ ವಿಲ್ಲಾ ಕ್ಲಬ್ಬಿನ ವಿಲಿಯಂ ಮೆಕ್‌ಗ್ರೆಗರ್ ಅವರ ಮುತುವರ್ಜಿಯಿಂದ 1888ರಲ್ಲಿ ಕೂಡಿಕೊಂಡ 12 ಕ್ಲಬ್‌ಗಳು, ಪ್ರತಿಯೊಬ್ಬರೊಡನೆ ತವರಿನಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡಿಯೇ ತೀರುವುದೆಂದು ಒಪ್ಪಿಕೊಂಡವು. ಈ ಒಕ್ಕೂಟಕ್ಕೆ ಮೆಕ್‌ಗ್ರೆಗರ್ ಅವರ ಮನಸ್ಸಿನಲ್ಲಿದ್ದ ಹೆಸರು ‘ಯೂನಿಯನ್’. ರಗ್ಬಿಯವರ ಯೂನಿಯನ್‌ನೊಂದಿಗೆ ಗೊಂದಲವಾದೀತೆಂದು ಅದನ್ನು ಕೈಬಿಡಲಾಯಿತು.

ಇಂದಿನ ಪ್ರೀಮಿಯರ್ ಲೀಗ್ ಕೂಡ ಅದೇ ಕರಾರಿನ ಮೇಲೆ ಆಗಸ್ಟ್‌ನಿಂದ ಮೇವರೆಗೆ ನಡೆಯುತ್ತದೆ: 20 ತಂಡ, ತಲಾ 38 ಪಂದ್ಯ, ಗೆಲುವಿಗೆ 3 ಅಂಕ, ಡ್ರಾಗೆ 1, ಕೊನೆಯ ಮೂರು ತಂಡಗಳಿಗೆ ಕೆಳಗಿನ ದರ್ಜೆಗೆ ಹಿಂಬಡ್ತಿ. ಅಂಕಪಟ್ಟಿಯ ಅಗ್ರಸ್ಥಾನದಲ್ಲಿ ಉಳಿದವರೇ ಚಾಂಪಿಯನ್. 2011-12ರ ಲೀಗ್‌ನ ಕೊನೆಯ ದಿನ ಮ್ಯಾಂಚೆಸ್ಟರ್‌ನ ಎರಡೂ ತಂಡಗಳು, ಸಿಟಿ ಮತ್ತು ಯುನೈಟೆಡ್, 89 ಅಂಕಕ್ಕೆ ಬಂದು ನಿಂತಾಗ ಗೋಲು ಅಂತರದಿಂದ (ಹೊಡೆದ ಗೋಲುಗಳಿಂದ ಬಿಟ್ಟುಕೊಟ್ಟವನ್ನು ಕಳೆದ ಲೆಕ್ಕ) ಸಿಟಿ ಗೆದ್ದಿತು. ಸಿಟಿಯ ಅಗುಯೆರೊ ಹೆಚ್ಚುವರಿ ನಿಮಿಷಗಳಲ್ಲಿ ಹೊಡೆದ ಆ ಗೋಲನ್ನು ‘ಫೈನಲ್‌ನ ಗೋಲು’ ಎನ್ನುವವರು, ಎದುರಿಗಿದ್ದ ಕ್ವೀನ್ಸ್ ಪಾರ್ಕ್ ರೇಂಜರ್ಸ್ 17ನೇ ಸ್ಥಾನದ ತಂಡವೆಂಬುದನ್ನು ಗಮನಿಸಬೇಕು. ಯುನೈಟೆಡ್ ಆ ಹೊತ್ತಿಗೆ ಬೇರೆ ಊರಿನಲ್ಲಿ ಆಡುತ್ತಿತ್ತು.

ನಮ್ಮಲ್ಲಿ ಶನಿವಾರ ಶುರುವಾಗಿ ಭಾನುವಾರ ಸಂಜೆಗೆ ಟ್ರೋಫಿ ಹಂಚಿ ಮುಗಿಯುವ ಟೆನಿಸ್ ಬಾಲ್ ಕ್ರಿಕೆಟ್ ನಾಕೌಟ್‌ಗೂ, ಅಂದರೆ ಸೋತವರು ಅಲ್ಲಿಗೇ ಹೊರಬೀಳುವ ಆಟಕ್ಕೂ, ‘ಪ್ರೀಮಿಯರ್ ಲೀಗ್’ ಎಂದು ಬ್ಯಾನರ್ ಕಟ್ಟುತ್ತಾರೆ. ಅದನ್ನು ಕ್ಷಮಿಸಬಹುದು. ಗೊಂದಲವನ್ನು ಗಟ್ಟಿಮಾಡಿದ್ದು ಲೀಗ್‌ನ ಬಾಲಕ್ಕೆ ಪ್ಲೇ-ಆಫ್, ಅಂದರೆ ಮೇಲಿನ ಸ್ಥಾನಗಳ ತಂಡಗಳ ನಾಕೌಟ್, ಕಟ್ಟುವ ಪದ್ಧತಿ. 2017-18ರ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಿಂದ 40 ಅಂಕ ಗಳಿಸಿ, ಎರಡನೆಯ ಸ್ಥಾನದ ಚೆನ್ನೈನ ತಂಡ ಚೆನ್ನೈಯಿನ್‌ಗಿಂತ 8 ಅಂಕ ಮುಂದಿತ್ತು. ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್‌ಗೆ 3-2ರಿಂದ ಸೋತು ‘ರನ್ನರ್ ಅಪ್’ ಎನಿಸಿಕೊಂಡಿತು. ಪದದ ಅರ್ಥಕ್ಕೆ ನಿಷ್ಠರಾದರೆ ಆ ವರ್ಷ ಲೀಗ್ ಗೆದ್ದದ್ದು ಬೆಂಗಳೂರು, ಚೆನ್ನೈಯಿನ್ ಗೆದ್ದದ್ದು ನಾಕೌಟ್. ಅಗ್ರಸ್ಥಾನಿಗೆ ಪ್ರತ್ಯೇಕವಾಗಿ ಶೀಲ್ಡ್ ಕೊಡುವ ಕ್ರಮ ಬಂದದ್ದು 2019-20ರಲ್ಲಿ.