ಜೂನ್‌ನಲ್ಲಿ ಹೊಸಬರು, ನ್ಯಾಕ್ ಬಂದಾಗ ಹಳಬರು: ಖಾಸಗಿ ಕಾಲೇಜಿನವರಿಗೆ ಗ್ರಾಚ್ಯುಟಿ ಸಿಗುತ್ತಾ?

ಪ್ರಶ್ನೆ: ಅನುದಾನರಹಿತ ಡಿಗ್ರಿ ಕಾಲೇಜೊಂದರಲ್ಲಿ ಕಾಮರ್ಸ್ ಉಪನ್ಯಾಸಕಿಯಾಗಿದ್ದೇನೆ. ಸೇರಿ 11 ವರ್ಷ 8 ತಿಂಗಳಾಯಿತು. ಮನೆಯವರಿಗೆ ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಿದೆ, ಹಾಗಾಗಿ ಕೆಲಸ ಬಿಡಬೇಕು. ಗ್ರಾಚ್ಯುಟಿ ಬಗ್ಗೆ ಕೇಳಿದರೆ ಆಫೀಸಿನವರು, "ಟೀಚಿಂಗ್ ಸ್ಟಾಫ್‌ಗೆ ಅದೆಲ್ಲ ಬರಲ್ಲ ಮೇಡಂ. ಅದೂ ಅಲ್ಲದೆ ನಿಮ್ಮದು ವರ್ಷ ವರ್ಷದ ಆರ್ಡರ್" ಅಂತಾರೆ. ನಿಜವಾ?

ನಿಜ ಅಲ್ಲ. ನಿಮಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಂಸ್ಥೆ ಕೊಡುವ ಹಣ, ಬರಬೇಕು. ಆದರೆ ಆಫೀಸಿನವರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದ್ದಾರೆ. ಮೊದಲನೆಯದು ಹಳೇ ಕಥೆ, ಅದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನೀವು ಸ್ವಲ್ಪ ಕಾಗದ ಪತ್ರ ಹುಡುಕಬೇಕಾಗುತ್ತದೆ.

"ಟೀಚಿಂಗ್ ಸ್ಟಾಫ್‌ಗೆ ಬರಲ್ಲ" ಅನ್ನುವುದು ಒಂದು ಕಾಲದಲ್ಲಿ ಸತ್ಯವೇ ಆಗಿತ್ತು. ಗ್ರಾಚ್ಯುಟಿ ಕಾಯ್ದೆ ಬಂದದ್ದು 1972ರಲ್ಲಿ. 10 ಅಥವಾ ಜಾಸ್ತಿ ಜನ ಕೆಲಸ ಮಾಡುವ ಶಿಕ್ಷಣ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ ಎಂದು ಕೇಂದ್ರ ಸರ್ಕಾರ 1997ರ ಏಪ್ರಿಲ್ 3ರಂದು ಅಧಿಸೂಚನೆ ಹೊರಡಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಯ್ದೆಯಲ್ಲಿ 'ನೌಕರ' ಎಂದರೆ ಕುಶಲ, ಅರೆಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆಯ, ತಾಂತ್ರಿಕ ಅಥವಾ ಗುಮಾಸ್ತಿಕೆಯ ಕೆಲಸ ಮಾಡುವವರು ಎಂದಿತ್ತು. ಪಾಠ ಹೇಳುವುದು ಈ ಪಟ್ಟಿಯಲ್ಲಿ ಯಾವುದಕ್ಕೂ ಸೇರುವುದಿಲ್ಲ ಎಂದು 2004ರ ಜನವರಿಯಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದೇ ಕಾಲೇಜಿನ ಜವಾನರಿಗೆ, ಕ್ಲರ್ಕ್‌ಗೆ, ಬಸ್ ಡ್ರೈವರ್‌ಗೆ ಗ್ರಾಚ್ಯುಟಿ ಉಂಟು, ಕ್ಲಾಸಿನಲ್ಲಿ ನಿಂತು ಪಾಠ ಮಾಡುವವರಿಗೆ ಇಲ್ಲ! ಗುರು ದೇವರ ಸಮಾನ ಅಂತೀವಿ. ದೇವರಿಗೆ ಯಾರು ಗ್ರಾಚ್ಯುಟಿ ಕೊಡ್ತಾರೆ, ಅಲ್ವಾ?

ಬೇಕಿದ್ದರೆ ಸಂಸತ್ತೇ ಕಾಯ್ದೆ ತಿದ್ದಬಹುದು ಎಂಬ ಸೂಚನೆಯೂ ಆ ತೀರ್ಪಿನಲ್ಲಿತ್ತು. ಹಾಗೇ ಆಯಿತು. 2009ರ ಕೊನೆಗೆ ತಿದ್ದುಪಡಿ ಬಂತು, ಅದೂ 1997ರ ಏಪ್ರಿಲ್ 3ರಿಂದಲೇ ಜಾರಿಗೆ ಬರುವಂತೆ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಅವರ ವಾದ ತಳ್ಳಿಹಾಕಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಾಕಿಯನ್ನು ಬಡ್ಡಿ ಸಮೇತ ಕೊಡಿ ಎಂದೂ ಹೇಳಿತು. ಈಗ ಇದೆಲ್ಲ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನಿನೊಳಗೆ ಸೇರಿಕೊಂಡಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿ ನೌಕರ ಪದದ ವ್ಯಾಖ್ಯೆ ಎಷ್ಟು ಅಗಲವಾಗಿದೆ ಎಂದರೆ ಮೇಷ್ಟ್ರನ್ನು ಹೊರಗಿಡಲು ಜಾಗವೇ ಉಳಿದಿಲ್ಲ. ಹಾಗಾಗಿ ಆಫೀಸಿನವರು ಹೇಳುತ್ತಿರುವುದು ಸತ್ತುಹೋದ ಕಾನೂನು. (ಅನುದಾನಿತ ಮತ್ತು ಸರ್ಕಾರಿ ಕಾಲೇಜುಗಳ ಕಾಯಂ ಸಿಬ್ಬಂದಿಗೆ ಸರ್ಕಾರಿ ಸೇವಾ ನಿಯಮಗಳ ಲೆಕ್ಕ. ಅದು ಬೇರೆ.)

ಇನ್ನು "ವರ್ಷ ವರ್ಷದ ಆರ್ಡರ್" ವಿಷಯ. ಇದು ನನಗೂ ಚೆನ್ನಾಗಿ ಗೊತ್ತು. ಹಿಂದೆ ನಾನೂ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಏಪ್ರಿಲ್ ಬಂತೆಂದರೆ ಆಫೀಸಿನಿಂದ ಟೈಪ್ ಮಾಡಿದ ರಾಜೀನಾಮೆ ಪತ್ರ ಬರುತ್ತಿತ್ತು. "ವೈಯಕ್ತಿಕ ಕಾರಣಗಳಿಂದ" ಎಂದು ಎಲ್ಲರ ಪತ್ರದಲ್ಲೂ ಒಂದೇ ವಾಕ್ಯ. ಸಹಿ ಎಲ್ಲಿ ಹಾಕಬೇಕು ಎಂದು ಪೆನ್ಸಿಲ್ಲಿನಲ್ಲಿ ಗುರುತೂ ಮಾಡಿರುತ್ತಿದ್ದರು. ಸಹಿ ಹಾಕಿ ಬಂದ ಮಾರನೇ ದಿನವೇ ಅಡ್ಮಿಷನ್ ಡ್ಯೂಟಿಗೆ ಕರೆ! ಜೂನ್‌ನಲ್ಲಿ ಹೊಸ ಆರ್ಡರ್. ಇದಕ್ಕೆ ಸ್ಟಾಫ್ ರೂಮಿನಲ್ಲಿ 'ಬ್ರೇಕ್ ಕೊಡೋದು' ಅಂತಿದ್ದೆವು. ಐದು ವರ್ಷದ ಸೇವೆ ಯಾರದ್ದೂ ತುಂಬಬಾರದು ಎನ್ನುವುದು ಇದರ ಲೆಕ್ಕಾಚಾರ. ಯಾಕೆಂದರೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು.

ಆದರೆ ನಿರಂತರ ಅಂದರೆ ಒಂದು ದಿನವೂ ಬಿಡದೆ ಅಂತಲ್ಲ. ನೌಕರರ ತಪ್ಪಿಲ್ಲದೆ ಕೆಲಸ ನಿಂತಿದ್ದರೆ ಅದನ್ನು ಸೇವೆಯಿಂದ ಕಳೆಯುವಂತಿಲ್ಲ. ಅದರ ಮೇಲೆ ಇನ್ನೊಂದು ರಕ್ಷಣೆಯೂ ಇದೆ: 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಪೂರ್ತಿ ವರ್ಷ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಯಾದರೆ 190 ದಿನ ಸಾಕು. ಜೂನ್ 1ರಿಂದ ಏಪ್ರಿಲ್ 10ರವರೆಗೆ ಎಣಿಸಿ ನೋಡಿ, 314 ದಿನ ಆಗುತ್ತದೆ. ಭಾನುವಾರ ಕಳೆಯಬೇಕಾ ಎಂದು ಕೇಳುತ್ತೀರಿ. ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇಂಥದ್ದೇ 240 ದಿನದ ಲೆಕ್ಕ ಇತ್ತು. ಅಲ್ಲಿ ಸಂಬಳ ಸಹಿತವಾದ ವಾರದ ರಜೆಯನ್ನೂ ಎಣಿಸಬೇಕು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನಡುವೆ ಹೆರಿಗೆ ರಜೆ ತೆಗೆದುಕೊಂಡಿದ್ದರೆ 26 ವಾರದವರೆಗೆ ಅದೂ ಕೆಲಸದ ದಿನವೇ.

ಉಳಿಯುವ ತಕರಾರು ರಾಜೀನಾಮೆ ಪತ್ರದ್ದು. "ಅವರೇ ಸಹಿ ಹಾಕಿದ್ದಾರಲ್ಲ" ಎಂದು ಕಾಲೇಜು ವಾದಿಸುತ್ತದೆ. ಆ ಸಹಿ ನಿಜವಾಗಿ ಕೆಲಸ ಬಿಟ್ಟದ್ದಕ್ಕೋ ಬರೀ ನಾಟಕಕ್ಕೋ ಎಂಬುದನ್ನು ಕಾರ್ಮಿಕ ಇಲಾಖೆಯ ಅಧಿಕಾರಿ ದಾಖಲೆ ನೋಡಿ ತೀರ್ಮಾನಿಸುತ್ತಾರೆ. ಹಾಗಾಗಿ ನೀವು ಕೂಡಿಸಿಕೊಳ್ಳಬೇಕಾದದ್ದು ಬೇಸಿಗೆ ರಜೆಯಲ್ಲೂ ಆ ಕಾಲೇಜಿನವರೇ ಆಗಿದ್ದಿರಿ ಎನ್ನುವುದಕ್ಕೆ ಸಾಕ್ಷಿ. ಪಿಎಫ್ ಪಾಸ್‌ಬುಕ್ ಮೊದಲು ತೆಗೆಯಿರಿ, ತಿಂಗಳು ತಿಂಗಳು ಯಾರು ಹಣ ಕಟ್ಟಿದ್ದಾರೆ ಎಂದು ಅದರಲ್ಲೇ ಇರುತ್ತದೆ. ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ನಿಮ್ಮನ್ನು ಆ ಕಾಲೇಜಿನ ಹೆಸರಿನಲ್ಲೇ ಮೌಲ್ಯಮಾಪನಕ್ಕೆ ಕರೆದ ಆದೇಶ, ಅಡ್ಮಿಷನ್ ಕಮಿಟಿಯ ಸರ್ಕ್ಯುಲರ್, ಪ್ರಿನ್ಸಿಪಾಲರ ವಾಟ್ಸಾಪ್ ಮೆಸೇಜ್ ಕೂಡ ಇಟ್ಟುಕೊಳ್ಳಿ.

ಬಹಳ ಜನ ಮರೆಯುವ ಒಂದು ದಾಖಲೆ ಇದೆ. ಅದು ನ್ಯಾಕ್ ಫೈಲು. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ. ನ್ಯಾಕ್ ಬರುತ್ತದೆ ಎಂದರೆ ಕಾಲೇಜಿಗೆ ಸುಣ್ಣ ಬಣ್ಣ, ನಮಗೆಲ್ಲ ರಾತ್ರಿ ಎಂಟರವರೆಗೆ ಫೈಲ್ ಕೆಲಸ. ಆಗ ಕಳಿಸುವ ಸ್ವಯಂ ಅಧ್ಯಯನ ವರದಿಯಲ್ಲಿ ಪೂರ್ಣಾವಧಿ ಅಧ್ಯಾಪಕರ ವಿವರ ಕೊಡಬೇಕು. ಹಿಂದಿನ ಮಾದರಿಯಲ್ಲಂತೂ ಅದೇ ಸಂಸ್ಥೆಯಲ್ಲಿ ಎಷ್ಟು ವರ್ಷ ಪಾಠ ಮಾಡಿದ್ದಾರೆ ಎಂಬುದಕ್ಕೂ ಅಂಕ ಇತ್ತು. ಅನುಭವ ಜಾಸ್ತಿ ತೋರಿಸಿದಷ್ಟೂ ಒಳ್ಳೆಯದು. ಹಾಗಾಗಿ ಪ್ರತಿ ಜೂನ್‌ನಲ್ಲಿ 'ಹೊಸದಾಗಿ' ಸೇರುತ್ತಿದ್ದ ನೀವು ಅಲ್ಲಿ ಏಳೆಂಟು ವರ್ಷದ ಅನುಭವಿಯಾಗಿ ಕಾಣಿಸಿಕೊಂಡಿರುತ್ತೀರಿ. ಕೆಳಗೆ ಪ್ರಿನ್ಸಿಪಾಲರ ಸಹಿ ಮತ್ತು ಸೀಲು ಕೂಡ ಇರುತ್ತದೆ. ಈ ವರದಿ ಕಾಲೇಜಿನ ವೆಬ್‌ಸೈಟಿನಲ್ಲೇ ಸಿಗುತ್ತದೆ. ಕೆಲಸ ಬಿಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಲಿಂಕ್ ಇರುತ್ತದೋ ಇಲ್ಲವೋ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಹೊಸ ಸಂಹಿತೆಯ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಐದು ವರ್ಷದ ಷರತ್ತೇ ಇಲ್ಲ. ಅವಧಿ ಮುಗಿದರೆ ಕೆಲಸ ಮಾಡಿದಷ್ಟು ಕಾಲಕ್ಕೆ ಗ್ರಾಚ್ಯುಟಿ ಕೊಡಬೇಕು. ಒಂದು ವರ್ಷಕ್ಕೇ ಸಿಗುತ್ತದೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಅಂದರೆ ಗ್ರಾಚ್ಯುಟಿ ತಪ್ಪಿಸಲು ಮಾಡಿದ 'ವರ್ಷದ ಆರ್ಡರ್' ಇನ್ನು ಮುಂದೆ ಕಾಲೇಜಿಗೇ ತಿರುಗಿ ಬೀಳಬಹುದು. ನಿಮಗಂತೂ ಹಳೆಯ ವರ್ಷಗಳೇ ಮುಖ್ಯ, ಆದ್ದರಿಂದ ನಿರಂತರ ಸೇವೆಯ ವಾದವನ್ನೇ ಹಿಡಿಯಿರಿ.

ಎಷ್ಟು ಬರಬಹುದು? ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷದಿಂದ ಮತ್ತೆ ಗುಣಿಸಿ. ನಿಮ್ಮ ಬೇಸಿಕ್ ಮತ್ತು ಡಿಎ ಸೇರಿ 31,200 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 1,200 ಆಯಿತು. 15 ದಿನಕ್ಕೆ 18,000. ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಒಂದು ವರ್ಷ ಎಂದೇ ಹಿಡಿಯುವುದರಿಂದ ನಿಮ್ಮದು 12 ವರ್ಷ. ಒಟ್ಟು 2,16,000. ನೀವೇನಾದರೂ 11 ವರ್ಷ 5 ತಿಂಗಳಿಗೆ ಬಿಟ್ಟಿದ್ದರೆ 18,000 ಕೈತಪ್ಪುತ್ತಿತ್ತು. ಗ್ರಾಚ್ಯುಟಿಯ ಗರಿಷ್ಠ ಮಿತಿ 20 ಲಕ್ಷ. ನಮ್ಮಂಥ ಕಾಲೇಜುಗಳ ಸಂಬಳದಲ್ಲಿ ಆ ಮಿತಿಯ ಚಿಂತೆ ಬೇಡ ಬಿಡಿ.

ಸ್ಲಿಪ್‌ನಲ್ಲಿ ಬೇಸಿಕ್ ಸಣ್ಣದು ಮಾಡಿ ಭತ್ಯೆಗಳನ್ನು ಉಬ್ಬಿಸಿದ್ದರೆ ಹೊಸ ಸಂಹಿತೆಯಲ್ಲಿ ಅದಕ್ಕೂ ಮದ್ದಿದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವನ್ನು ಸಂಬಳಕ್ಕೇ ಸೇರಿಸಬೇಕು. ಒಟ್ಟು 40,000ದಲ್ಲಿ ಬೇಸಿಕ್ 12,000 ಮಾತ್ರ ಇದ್ದರೂ ಗ್ರಾಚ್ಯುಟಿಗೆ 20,000 ಹಿಡಿಯಬೇಕು.

ಸ್ಲಿಪ್ ನೋಡುವಾಗ ಇನ್ನೊಂದು ಸಾಲು ಗಮನಿಸಿ. ಕೆಲವು ಕಡೆ ಬೇಸಿಕ್‌ನ ಶೇ 4.81ರಷ್ಟು ಮೊತ್ತವನ್ನು 'ಗ್ರಾಚ್ಯುಟಿ' ಎಂದು ತೋರಿಸುತ್ತಾರೆ. 15ನ್ನು 26ರಿಂದಲೂ 12ರಿಂದಲೂ ಭಾಗಿಸಿದರೆ ಬರುವ ಸಂಖ್ಯೆ ಅದು. ಲೆಕ್ಕಕ್ಕೆ ತೋರಿಸಿದರೆ ಬೇರೆ, ಆದರೆ ಗ್ರಾಚ್ಯುಟಿ ಪಿಎಫ್ ಥರ ಅಲ್ಲ. ಅದರಲ್ಲಿ ನಿಮ್ಮ ಪಾಲು ಇಲ್ಲ. ಪೂರ್ತಿ ಕಾಲೇಜೇ ಕೊಡಬೇಕಾದ ಹಣ.

ಕೇಳುವುದು ಹೇಗೆ ಅಂದರೆ, ಮೊದಲು ಬರಹದಲ್ಲಿ. ಹಳೆಯ ನಿಯಮಗಳಲ್ಲಿ ಇದಕ್ಕೆ ಫಾರ್ಮ್ ಐ ಎಂದಿತ್ತು. ನಮೂನೆಯ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ, ಕೇಳುತ್ತಿರುವ ಮೊತ್ತ, ಬ್ಯಾಂಕ್ ಖಾತೆ, ಇಷ್ಟು ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್. ನೀವು ಅರ್ಜಿ ಕೊಡಲಿ ಬಿಡಲಿ, ಲೆಕ್ಕ ಹಾಕಿ ತಿಳಿಸುವ ಜವಾಬ್ದಾರಿ ಕಾಲೇಜಿನದೇ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ. ಕೊಡದಿದ್ದರೆ ನಿಮ್ಮ ವಿಭಾಗದ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ಕರ್ನಾಟಕದಲ್ಲಿ ಗ್ರಾಚ್ಯುಟಿ ತಕರಾರುಗಳನ್ನು ಕೇಳುತ್ತಾ ಬಂದಿರುವುದು ಅವರೇ. ಆದೇಶ ನಿಮ್ಮ ಪರ ಆದರೆ, ಕಾಲೇಜು ಮೇಲ್ಮನವಿ ಹಾಕುವ ಮೊದಲು ಆ ಹಣ ಠೇವಣಿ ಇಡಬೇಕು. ಸುಮ್ನೆ ಎಳೆದಾಡಿ ಸುಸ್ತು ಮಾಡುವುದು ಅಷ್ಟು ಸುಲಭವಲ್ಲ.

ಕಾಲೇಜಿನಲ್ಲಿ ಇನ್ನೂ ಇರುವ ನಿಮ್ಮ ಗೆಳತಿಯರಿಗೆ ಒಂದು ಮಾತು. ಮದುವೆಗೆ ಮುಂಚೆ ಸೇರಿದವರು ಗ್ರಾಚ್ಯುಟಿ ಫಾರ್ಮಿನ ನಾಮಿನಿ ಜಾಗದಲ್ಲಿ ಅಣ್ಣನದೋ ತಮ್ಮನದೋ ಹೆಸರು ಬರೆದಿರಬಹುದು. ಮದುವೆಯಾದ ಮೇಲೆ ಅದು ನಡೆಯುವುದಿಲ್ಲ, 90 ದಿನದೊಳಗೆ ಹೊಸದಾಗಿ ಬರೆದುಕೊಡಬೇಕು. ನೌಕರರು ತೀರಿಕೊಂಡರೆ ಐದು ವರ್ಷ ತುಂಬಿರಬೇಕಿಲ್ಲ, ಕುಟುಂಬಕ್ಕೆ ಹಣ ಬರುತ್ತದೆ. ಆಗ ಆ ಫಾರ್ಮ್ ಹುಡುಕುವ ಸ್ಥಿತಿಯಲ್ಲಿ ಮನೆಯವರು ಇರುವುದಿಲ್ಲ.

ಕೊನೇ ದಿನ ರಿಲೀವಿಂಗ್ ಲೆಟರ್ ಕೊಡುವಾಗ "ನನಗೆ ಬರಬೇಕಾದ ಎಲ್ಲ ಬಾಕಿ ಬಂದಿದೆ" ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಲೆಟರ್ ಬೇಕು ಎಂಬ ಆತುರದಲ್ಲಿ ಎಲ್ಲರೂ ಅಲ್ಲೇ ಸಹಿ ಹಾಕಿಬಿಡುತ್ತಾರೆ. ನೀವು ಆ ಸಾಲಿನ ಕೆಳಗೆ "ಗ್ರಾಚ್ಯುಟಿ ಬಾಕಿ ಇದೆ" ಎಂದು ನಿಮ್ಮ ಕೈಯಾರೆ ಬರೆದು, ದಿನಾಂಕ ಹಾಕಿ, ಆಮೇಲೆ ಸಹಿ ಮಾಡಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಕಾಗದ ವಾಪಸ್ ಕೊಡಿ.