ಜಾಮೀನು ಸಿಕ್ಕ ಮೇಲೂ ಜೈಲಲ್ಲೇ ಯಾಕೆ?

ತುಮಕೂರಿನಲ್ಲಿ ಜುಲೈ ತಿಂಗಳ ಸಂಜೆ ಆರೂವರೆಗೆ ಇನ್ನೂ ಬೆಳಕಿರುತ್ತದೆ. ನವೆಂಬರಿನಲ್ಲಿ ಅದೇ ಹೊತ್ತಿಗೆ ಕತ್ತಲು. ರಸ್ತೆ ಅದೇ, ಕೆಲಸ ಮುಗಿಸಿ ಮನೆಗೆ ಹೋಗುವ ಜನರೂ ಹೆಚ್ಚುಕಮ್ಮಿ ಅವರೇ. ಆದರೆ ಗಾಡಿ ಓಡಿಸುವವರ ಮುಖ ಜುಲೈನಲ್ಲಿ ಕಾಣುತ್ತದೆ, ನವೆಂಬರಿನಲ್ಲಿ ಕಾಣುವುದಿಲ್ಲ.

ಅಮೆರಿಕದ ಗ್ರೋಗರ್ ಮತ್ತು ರಿಡ್ಜ್‌ವೇ ಎಂಬ ಸಂಶೋಧಕರು 2006ರಲ್ಲಿ ಈ ವ್ಯತ್ಯಾಸವನ್ನೇ ಒಂದು ಪರೀಕ್ಷೆಯಾಗಿ ಬಳಸಿದರು. ಪೊಲೀಸರು ಚರ್ಮದ ಬಣ್ಣ ನೋಡಿ ಗಾಡಿ ನಿಲ್ಲಿಸುತ್ತಾರಾ? ಸುಮ್ನೆ ತಲೆ ಎಣಿಸಿದರೆ ಗೊತ್ತಾಗುವುದಿಲ್ಲ. 'ಆ ರಸ್ತೆಯಲ್ಲಿ ಕಪ್ಪು ಜನ ಓಡಾಡುವುದೇ ಜಾಸ್ತಿ' ಅಂದುಬಿಟ್ಟರೆ ಮಾತು ಅಲ್ಲಿಗೇ ನಿಂತಿತು. ಆದ್ದರಿಂದ ಗಡಿಯಾರದ ಒಂದೇ ಹೊತ್ತಿನಲ್ಲಿ, ಬೆಳಕಿದ್ದ ದಿನಗಳನ್ನೂ ಕತ್ತಲಾಗಿದ್ದ ದಿನಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. 2020ರಲ್ಲಿ ಸ್ಟ್ಯಾನ್‌ಫೋರ್ಡ್ ತಂಡವೊಂದು ಸುಮಾರು 10 ಕೋಟಿ ತಪಾಸಣೆಗಳ ದಾಖಲೆ ಕಲೆಹಾಕಿ, ಅದರಲ್ಲಿ ಸಂಜೆಯ ಹೊತ್ತಿನವನ್ನು ಹೀಗೆ ಹೋಲಿಸಿತು. ಕತ್ತಲಾದ ಮೇಲೆ ನಿಲ್ಲಿಸಿದವರಲ್ಲಿ ಕಪ್ಪು ಚಾಲಕರ ಪಾಲು ಇಳಿದಿತ್ತು. ಅಂದರೆ ಮುಖ ಕಂಡಾಗ ಅವರನ್ನು ಹೆಚ್ಚು ನಿಲ್ಲಿಸುತ್ತಿದ್ದರು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಪುರಾವೆ ಈ ವಿಷಯದಲ್ಲಿ ಅಪರೂಪ.

ನಮ್ಮಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಜನಾಂಗವೂ ಜಾತಿಯೂ ಒಂದೇ ಅಲ್ಲ. ಜಾತಿ ತಿಳಿಯಲು ಬೆಳಕು ಬೇಕಿಲ್ಲ. ಹೆಸರು, ಅಪ್ಪನ ಹೆಸರು, ಊರು, ಆಮೇಲೆ 'ಯಾವ ಕೇರಿ?' ಅನ್ನುವ ಒಂದು ಪ್ರಶ್ನೆ ಸಾಕು, ಅಲ್ವಾ?

ಹಾಗಾದರೆ ಪೊಲೀಸು, ಕೋರ್ಟುಗಳಲ್ಲಿ ಜಾತಿಯ ತಾರತಮ್ಯವನ್ನು ಎಲ್ಲಿ ಅಳೆಯುವುದು? ತೀರ್ಪಿನಲ್ಲಿ ಮಾತ್ರ ಹುಡುಕಿದರೆ ಸಾಲದು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕಡತದಲ್ಲಿ ಉಳಿದಿದ್ದು 'ಸಾಕ್ಷ್ಯ ಸಾಲದು' ಅನ್ನುವುದು. ಸತ್ತವರು ಏಳು ಮಂದಿ. ಸಾಕ್ಷಿ ಹೇಳುವವರ ಬಾಯಿ ಹೇಗೆ ಕಟ್ಟಿಹೋಗುತ್ತದೆ ಅನ್ನುವುದಕ್ಕೆ ಕಡತದಲ್ಲಿ ಕಾಲಂ ಇಲ್ಲ.

ನನಗೆ ಕಾಣುವ ಮಟ್ಟಿಗೆ, ಅಳೆಯಲು ಸಿಗುವ ಜಾಗ ಜಾಮೀನು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ಅಪರಾಧ ಸಾಬೀತಾಗದವರು. ಅವರಲ್ಲಿ ಜಾಮೀನು ಸಿಕ್ಕೂ ಹೊರಬರದವರಿದ್ದಾರೆ. ಇದು ಯಾಕೆ ಹೀಗೆ ಅಂತ ಕೋರ್ಟಿನ ಆವರಣದಲ್ಲಿ ನಿಂತರೆ ತಿಳಿಯುತ್ತದೆ. ವಕೀಲರು ಮನೆಯವರಿಗೆ ಹೇಳುವ ಮೊದಲ ಮಾತೇ 'ಶ್ಯೂರಿಟಿ ಕರ್ಕೊಂಡು ಬನ್ನಿ, ಪಹಣಿ ಇರಬೇಕು.' ಪಹಣಿ ಇರಬೇಕಾದರೆ ಜಮೀನಿರಬೇಕು. ಕೂಲಿ ಮಾಡುವವರು ಅದಕ್ಕಾಗಿ ಜಮೀನಿರುವವರ ಬಾಗಿಲಿಗೆ ಹೋಗಬೇಕು. ಆರೋಪಿ ತಪ್ಪಿಸಿಕೊಂಡರೆ ಬಾಂಡಿನ ಹಣ ಕಟ್ಟಬೇಕಾದವರು ಶ್ಯೂರಿಟಿ ಕೊಟ್ಟವರು. ಹತ್ತಿರದ ಸಂಬಂಧಿಕರೇ ಹಿಂದೆಮುಂದೆ ನೋಡುತ್ತಾರೆ. ಇನ್ನು ಮೇಲಿನ ಕೇರಿಯ ಗೌಡರು, ಅದೂ ದೂರು ಕೊಟ್ಟವರು ಅವರ ಕಡೆಯವರೇ ಆಗಿದ್ದರೆ, ಸಹಿ ಹಾಕುತ್ತಾರಾ? ಕೋಲಾರದಲ್ಲಿ 2011ರ ಜನಗಣತಿಯ ಪ್ರಕಾರ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು. ಈ ಪ್ರಶ್ನೆ ಇಲ್ಲಿ ಎಲ್ಲೋ ಒಂದೆರಡು ಮನೆಯದಲ್ಲ. ನ್ಯಾಯಾಧೀಶರು ಯಾರ ಜಾತಿಯನ್ನೂ ಕೇಳದೆ ಎಲ್ಲರಿಗೂ ಒಂದೇ ಷರತ್ತು ಹಾಕಿದರೂ, ಒಬ್ಬ ಅದೇ ಸಂಜೆ ಮನೆ ಸೇರುತ್ತಾನೆ, ಇನ್ನೊಬ್ಬ ಒಳಗೇ ಉಳಿಯುತ್ತಾನೆ.

ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಇದನ್ನು ಗಮನಿಸಿತು. ಜಾಮೀನಾಗಿ ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು ಅಂದಿತು. ಜಾಮೀನಿನ ದಿನಾಂಕವನ್ನು ಜೈಲಿನ ಕಂಪ್ಯೂಟರಿನಲ್ಲಿ ದಾಖಲಿಸಬೇಕು ಅಂತಲೂ ಹೇಳಿತು. ಆದೇಶದ ದಿನ ಒಂದು, ಬಿಡುಗಡೆಯ ದಿನ ಇನ್ನೊಂದು. ಬೆಳಕು-ಕತ್ತಲಿನ ಹಾಗೆ ನಮಗೂ ಹೋಲಿಸಲು ಒಂದು ಜೋಡಿ ಸಿಕ್ಕಿತು.

ಈ ಲೆಕ್ಕವನ್ನು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ನಮ್ಮ ಮೂರು ಜಿಲ್ಲೆಗಳಲ್ಲಿ ಮಾಡಲೇಬೇಕು. ಒಂದೇ ಕೋರ್ಟು, ಒಂದೇ ಸೆಕ್ಷನ್, ಒಂದೇ ಮೊತ್ತದ ಬಾಂಡು ಇರುವವರನ್ನು ಜೋಡಿಸಿ, ಎರಡು ದಿನಾಂಕಗಳ ನಡುವೆ ಯಾರಿಗೆ ಎಷ್ಟು ದಿನ ಹೋಯಿತು ಅಂತ ನೋಡಬೇಕು. ಜಾತಿ ಜಾತಿಗಳ ನಡುವೆ ಅಂತರ ಕಂಡರೆ, ಜಮೀನು ಇರುವವರನ್ನೂ ಇಲ್ಲದವರನ್ನೂ ಬೇರೆ ಮಾಡಿ ಮತ್ತೆ ಎಣಿಸಬೇಕು. ಆಗ ಅಂತರ ಹೋಗಿಬಿಟ್ಟರೆ ಪಹಣಿ ಕೇಳುವ ರೂಢಿಯನ್ನೇ ಬಿಟ್ಟು ಆರೋಪಿಯ ಸ್ವಂತ ಬಾಂಡಿನ ಮೇಲೆ ಬಿಡಬಹುದು. ಆಗಲೂ ಅಂತರ ಉಳಿದರೆ, ಠಾಣೆಯಿಂದ ಕೋರ್ಟಿನ ಗುಮಾಸ್ತರ ಮೇಜಿನವರೆಗೆ ಒಂದೊಂದು ಹಂತವನ್ನೂ ಬಿಡಿಸಿ ನೋಡಬೇಕಾಗುತ್ತದೆ.